ಪೋಕ್ಸೊ ಪ್ರಕರಣದ ಖರ್ಚು ಯಾರು ಕೊಡುತ್ತಾರೆ?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರ ಧರಿಸಿ ಹೋಗುವಂತಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಕಾಯ್ದೆ ಇಷ್ಟನ್ನೂ ಹೇಳಿತು. ಆದರೆ ಅದರ ಜೊತೆಗೆ ದುಡ್ಡು ಬರಲಿಲ್ಲ. ಹಲವು ಜಿಲ್ಲೆಗಳಲ್ಲಿ ಇದ್ದ ಸೆಷನ್ಸ್ ನ್ಯಾಯಾಲಯವನ್ನೇ ವಿಶೇಷ ನ್ಯಾಯಾಲಯ ಎಂದು ಘೋಷಿಸಿದರು. ಕೊಲೆ, ದರೋಡೆ ಪ್ರಕರಣಗಳ ನಡುವೆಯೇ ಮಗುವಿನ ಸರದಿಯೂ ಬರಬೇಕಿತ್ತು.

ಇದು ಬದಲಾಗತೊಡಗಿದ್ದು 2019ರಲ್ಲಿ. ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳು ಹೆಚ್ಚುತ್ತಿರುವುದನ್ನು ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ನೂರಕ್ಕಿಂತ ಹೆಚ್ಚು ಪೋಕ್ಸೊ ಪ್ರಕರಣಗಳಿರುವ ಪ್ರತಿ ಜಿಲ್ಲೆಯಲ್ಲೂ ಅದಕ್ಕೆಂದೇ ಮೀಸಲಾದ ನ್ಯಾಯಾಲಯ ಬೇಕು, ಖರ್ಚು ಕೇಂದ್ರದ್ದು ಎಂದು ಜುಲೈನಲ್ಲಿ ಆದೇಶಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತ್ವರಿತಗತಿ ವಿಶೇಷ ನ್ಯಾಯಾಲಯಗಳ ಯೋಜನೆ ಶುರುವಾಯಿತು. ದೇಶಕ್ಕೆ ಒಟ್ಟು 1,023 ನ್ಯಾಯಾಲಯ, ಅದರಲ್ಲಿ 389 ಪೋಕ್ಸೊಗೇ ಮೀಸಲು. ಕರ್ನಾಟಕದ ಪಾಲಿಗೆ ಬಂದದ್ದು ಸುಮಾರು 30, ಅವುಗಳಲ್ಲಿ 17 ಪೋಕ್ಸೊ ನ್ಯಾಯಾಲಯಗಳು.

ಈ ಅನುದಾನದ ಲೆಕ್ಕ ಹೀಗಿದೆ. ಮೊದಲ ವರ್ಷಕ್ಕೆ ಮಂಜೂರಾದದ್ದು 767.25 ಕೋಟಿ ರೂಪಾಯಿ, ಅಂದರೆ ಒಂದು ನ್ಯಾಯಾಲಯಕ್ಕೆ ವರ್ಷಕ್ಕೆ 75 ಲಕ್ಷ. ಖರ್ಚು ಕೇಂದ್ರದ್ದೆಂದು ಕೋರ್ಟ್ ಹೇಳಿದ್ದರೂ ಈ ಯೋಜನೆಯಲ್ಲಿ ನೂರು ರೂಪಾಯಿ ಖರ್ಚಾದರೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಕೇಂದ್ರದ ಪಾಲು ಬರುವುದು 2013ರ ಬಜೆಟ್‌ನಲ್ಲಿ ಸ್ಥಾಪನೆಯಾದ ನಿರ್ಭಯಾ ನಿಧಿಯಿಂದ. ಈ ಹಣ ಒಬ್ಬ ನ್ಯಾಯಾಧೀಶರು, ಏಳು ಮಂದಿ ಸಿಬ್ಬಂದಿ, ಇವರ ಸಂಬಳಕ್ಕೆ ಮತ್ತು ದಿನನಿತ್ಯದ ಸಾದಿಲ್ವಾರು ಖರ್ಚಿಗೆ. ಎಷ್ಟು ನ್ಯಾಯಾಲಯಗಳು ನಿಜಕ್ಕೂ ಕೆಲಸ ಮಾಡುತ್ತಿವೆ ಎಂದು ನೋಡಿಕೊಂಡು ಕೇಂದ್ರ ಹಣ ಮರುಪಾವತಿ ಮಾಡುತ್ತದೆ. ಹಾಗಾಗಿ ರಾಜ್ಯ ಮೊದಲು ತನ್ನ ಕೈಯಿಂದ ಹಾಕಬೇಕು. ನ್ಯಾಯಾಧೀಶರ ಹುದ್ದೆ ಖಾಲಿ ಬಿದ್ದರೆ ದುಡ್ಡೂ ಇಲ್ಲ. 2023ರಲ್ಲಿ ಯೋಜನೆಯನ್ನು 2026ರ ಮಾರ್ಚ್‌ವರೆಗೆ 1,952.23 ಕೋಟಿ ರೂಪಾಯಿ ವೆಚ್ಚದಲ್ಲಿ ಮುಂದುವರಿಸಲು ಸಂಪುಟ ಒಪ್ಪಿತು.

ಪ್ರತಿ ನ್ಯಾಯಾಲಯಕ್ಕೂ ವರ್ಷಕ್ಕೆ 165 ಪ್ರಕರಣ ಇತ್ಯರ್ಥಪಡಿಸುವ ಗುರಿಯಿದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಗುವಿಗೆ ಆಗಾಗ ಬಿಡುವು ಕೊಡಿ, ವಕೀಲರ ಪ್ರಶ್ನೆಗಳನ್ನು ನ್ಯಾಯಾಧೀಶರೇ ಮಗುವಿಗೆ ಅರ್ಥವಾಗುವಂತೆ ಕೇಳಲಿ ಎನ್ನುವುದು ಕೂಡ ಇದೇ ಕಾಯ್ದೆ. ಏಳು ವರ್ಷದ ಹುಡುಗಿಯೊಬ್ಬಳು ಬಾಯಿ ಬಿಡಲು ಅರ್ಧ ದಿನ ತೆಗೆದುಕೊಂಡರೆ ಆ ಅರ್ಧ ದಿನವನ್ನು ಕೊಡಲೇಬೇಕು. ಇತ್ಯರ್ಥದ ಸಂಖ್ಯೆಯನ್ನಷ್ಟೇ ಗುರಿಯಾಗಿಡುವ ಯೋಜನೆಗೆ ಆ ಅರ್ಧ ದಿನ ಕಾಣುವುದಿಲ್ಲ. ಹಣ ಮಂಜೂರು ಮಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದೇ ನನ್ನ ಆಗ್ರಹ.

ಸಾಕ್ಷಿ ಹೇಳುವ ದಿನ ಮಗು ಎಲ್ಲಿ ಕೂರುತ್ತದೆ? ನ್ಯಾಯಾಲಯದ ಪಡಸಾಲೆಯ ಬೆಂಚಿನ ಮೇಲೆ ಕೂತರೆ ಎದುರಿನಿಂದಲೇ ಆರೋಪಿ, ಅವನ ಅಣ್ಣತಮ್ಮಂದಿರು ಹಾದುಹೋಗುತ್ತಾರೆ. ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ ಗೋಪ್ಯತೆಯೆಲ್ಲ ಅಲ್ಲಿಗೇ ಮುಗಿಯಿತು. ಅದಕ್ಕಾಗಿಯೇ ಪ್ರತಿ ಜಿಲ್ಲೆಯಲ್ಲೂ ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ನಿರ್ದೇಶನ ನೀಡಿತು. ಬೇರೆ ಬಾಗಿಲು, ಆಟಿಕೆಗಳಿರುವ ಕಾಯುವ ಕೋಣೆ, ಪಕ್ಕದಲ್ಲೇ ಶೌಚಾಲಯ, ಕ್ಯಾಮೆರಾ ಮೂಲಕ ನ್ಯಾಯಾಧೀಶರೊಂದಿಗೆ ಮಾತು. ಇದಕ್ಕೆ ಬೇಕಾದ ಕಟ್ಟಡ, ಸಲಕರಣೆ ಆ 75 ಲಕ್ಷದ ಲೆಕ್ಕದಲ್ಲಿ ಬರುವುದಿಲ್ಲ. ರಾಜ್ಯ ಬೇರೆಯಾಗಿಯೇ ಕೊಡಬೇಕು.

ಇನ್ನು ಬೆಂಬಲ ವ್ಯಕ್ತಿಯ ವಿಷಯ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ಪೋಷಕರ ಒಪ್ಪಿಗೆ ಪಡೆದು ಮಗುವಿನ ಜೊತೆಗೆ ಒಬ್ಬರನ್ನು ನೇಮಿಸಬಹುದು. ತನಿಖೆ ನಡೆಯುವಾಗಿಂದ ತೀರ್ಪಿನವರೆಗೂ ಅವರು ಜೊತೆಗಿರುತ್ತಾರೆ. ಮುಂದಿನ ತಾರೀಖು ಯಾವಾಗ, ಆರೋಪಿಗೆ ಜಾಮೀನು ಸಿಕ್ಕಿತೇ, ಪಾಟೀಸವಾಲಿನಲ್ಲಿ ಏನು ಕೇಳಬಹುದು, ಇವನ್ನೆಲ್ಲ ತಿಳಿಸಿ ಹೇಳುವವರು ಅವರೇ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಮಗುವಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮನುಷ್ಯ ಇವರು. ಇವರಿಗೆ ಕೊಡುವ ಸಂಭಾವನೆ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆಯಿರಬಾರದು ಎಂದು ನಿಯಮವೇ ಹೇಳುತ್ತದೆ. ಆ ಹಣ ಬರಬೇಕಾದದ್ದು ರಾಜ್ಯದ ಬಾಲನ್ಯಾಯ ನಿಧಿಯಿಂದ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟ ಹಣದಿಂದ. ಅಲ್ಲಿ ದುಡ್ಡಿಲ್ಲದಿದ್ದರೆ ಹೆಸರಿಗೊಬ್ಬರು ನೇಮಕವಾಗುತ್ತಾರೆ, ಬಸ್ ಚಾರ್ಜು ಸ್ವಂತ ಜೇಬಿನಿಂದ ಹಾಕಿ ಎಷ್ಟು ದಿನ ಬಂದಾರು? ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಬೆಂಬಲ ವ್ಯಕ್ತಿಗಳ ನೇಮಕ, ತರಬೇತಿ, ಸಂಭಾವನೆ ಕುರಿತು ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಗಿ ಬಂತು. ಇನ್ನೊಂದೆಡೆ, ನ್ಯಾಯಾಲಯಗಳಿಗೆ ಹಣ ಕೊಡುವ ನಿರ್ಭಯಾ ನಿಧಿಯ ನೆರವಿನಲ್ಲೇ ಬೆಂಗಳೂರಿಗೆ 667 ಕೋಟಿ ರೂಪಾಯಿಯ ಸೇಫ್ ಸಿಟಿ ಯೋಜನೆ ಬಂದಿದೆ, ರಸ್ತೆರಸ್ತೆಯಲ್ಲಿ ಕ್ಯಾಮೆರಾಗಳಿವೆ. ಕ್ಯಾಮೆರಾ ಬೇಡವೆನ್ನುತ್ತಿಲ್ಲ. ಆದರೆ ಮಗುವಿನ ಮೇಲೆ ಕೈಹಾಕುವವನು ಬಹಳ ಸಲ ಮನೆಯವನೋ ನೆರೆಯವನೋ ಆಗಿರುತ್ತಾನೆ. ಅಲ್ಲಿಗೆ ಕ್ಯಾಮೆರಾ ತಲುಪುವುದಿಲ್ಲ, ಬೆಂಬಲ ವ್ಯಕ್ತಿ ತಲುಪುತ್ತಾರೆ.

ಅನುದಾನಕ್ಕೆ ಬೇರೆ ರೀತಿಯ ಷರತ್ತು ಹಾಕಬಹುದೆಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆಯಿದೆ. ಅಲ್ಲಿನ ಚಿಲ್ಡ್ರನ್ಸ್ ಜಸ್ಟೀಸ್ ಆ್ಯಕ್ಟ್ 1986ರದ್ದು. ಅದರಡಿ ರಾಜ್ಯಗಳಿಗೆ ಹೋಗುವ ಹಣ ತೆರಿಗೆಯದ್ದಲ್ಲ, ಕೇಂದ್ರದ ಕಾನೂನು ಮುರಿದ ಅಪರಾಧಿಗಳು ಕಟ್ಟಿದ ದಂಡದ್ದು. ಹಣ ಬೇಕೆಂದರೆ ರಾಜ್ಯವು ಪೊಲೀಸರು, ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ವೈದ್ಯರು, ಪೋಷಕರು ಇರುವ ಕಾರ್ಯಪಡೆಯೊಂದನ್ನು ಇಟ್ಟುಕೊಳ್ಳಬೇಕು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಈಗ ದೊಡ್ಡವರಾಗಿರುವವರಿಗೂ ಅದರಲ್ಲಿ ಜಾಗವಿದೆ. ಮೂರು ವರ್ಷಕ್ಕೊಮ್ಮೆ ಈ ಪಡೆ, ಮಕ್ಕಳ ಪ್ರಕರಣಗಳನ್ನು ರಾಜ್ಯ ಹೇಗೆ ನಿಭಾಯಿಸುತ್ತಿದೆ ಎಂದು ಪರಿಶೀಲಿಸಿ ಏನು ತಿದ್ದಬೇಕೆಂದು ಹೇಳಬೇಕು. ನಮ್ಮ 75 ಲಕ್ಷದ ಜೊತೆಗೂ ಇಂಥದ್ದೊಂದು ಷರತ್ತು ಇರಬೇಕಿತ್ತು.

ಈಗ ಮನೆಯವರ ಕೈಗೆ ನೇರವಾಗಿ ಬರಬಹುದಾದ ಹಣ. ದೂರು ಕೊಟ್ಟ ವಾರದಲ್ಲೇ ಕೂಲಿ ತಪ್ಪುತ್ತದೆ. ಠಾಣೆ, ಆಸ್ಪತ್ರೆ, ಜಿಲ್ಲಾ ಕೇಂದ್ರ ಎಂದು ಓಡಾಟ. ಮಗುವಿನ ಬಟ್ಟೆಯನ್ನು ಪೊಲೀಸರು ಸಾಕ್ಷ್ಯಕ್ಕೆಂದು ಒಯ್ದಿರುತ್ತಾರೆ, ಬೇರೆ ಕೊಳ್ಳಬೇಕು. ಇಂಥ ತುರ್ತಿಗೆ, ಅಂದರೆ ಊಟ, ಬಟ್ಟೆ, ಪ್ರಯಾಣಕ್ಕೆ, ಮಕ್ಕಳ ಕಲ್ಯಾಣ ಸಮಿತಿ ವಿಶೇಷ ಪರಿಹಾರ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ಒಂದು ವಾರದೊಳಗೆ ಹಣ ಪಾವತಿಯಾಗಬೇಕು. ಕೇಳದಿದ್ದರೆ ಇದು ಎಷ್ಟೋ ಸಲ ಬಾರದೇ ಉಳಿಯುತ್ತದೆ, ಆದ್ದರಿಂದ ಸಮಿತಿಯ ಮುಂದೆ ಹೋದ ಮೊದಲ ದಿನವೇ ಬರಹದಲ್ಲಿ ಕೇಳಿ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು.

ದೊಡ್ಡ ಪರಿಹಾರದ ಮೊತ್ತ ಬೇರೆ. ಅದಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ; ಎಫ್‌ಐಆರ್ ದಾಖಲಾದ ಮೇಲೆ ಯಾವಾಗ ಬೇಕಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಿಸಬಹುದು. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ, ಮಗುವಿಗೆ ಹಾನಿಯಾಗಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಪರಿಹಾರ ಕೊಡಿಸುವ ಅಧಿಕಾರವಿದೆ. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಪಾವತಿಸಬೇಕು. ಅರ್ಜಿ ಬರೆಯಲು ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಆದೇಶದ ಪ್ರತಿಯನ್ನು ತಪ್ಪದೆ ಪಡೆದುಕೊಳ್ಳಿ. ಗಡುವು ಮೀರಿದರೆ ಅದೇ ಪ್ರತಿ ಹಿಡಿದು ಮತ್ತೆ ಅದೇ ನ್ಯಾಯಾಲಯದಲ್ಲಿ ಕೇಳಬಹುದು.