ಕೀಲಿ ನಮ್ಮ ಕೈಯಲ್ಲಿಲ್ಲ

2019ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಜುಲೈ ಹೊತ್ತಿಗೆ, ದುಡ್ಡು ಕೊಟ್ಟು ಕೊಂಡವರ ಪುಸ್ತಕಗಳೇ ತೆರೆಯದಾದವು. ಕಂಪನಿ ಹಣ ಮರಳಿಸಿತು; ಪುಟಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಕೊಟ್ಟಿತು. ಟಿಪ್ಪಣಿಯ ಬೆಲೆ ಅಷ್ಟೇ ಎಂದು ಕಂಪನಿಯೇ ತೀರ್ಮಾನಿಸಿತು. ಅದಕ್ಕೂ ಹತ್ತು ವರ್ಷ ಹಿಂದೆ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ ಅಮೆಜಾನ್ ಓದುಗರ ಕಿಂಡಲ್‌ಗಳಿಂದ ಆರ್ವೆಲ್‌ನ ‘1984’ ಕಾದಂಬರಿಯನ್ನು ದೂರದಿಂದಲೇ ಅಳಿಸಿತ್ತು.

ಯಾರೋ ಎಡವಿದ್ದರಿಂದ ಆದದ್ದಲ್ಲ ಇದು, ವ್ಯವಸ್ಥೆ ಇರುವುದೇ ಹೀಗೆ. ನಾವು ಇಳಿಸಿಕೊಳ್ಳುವ ಫೈಲು ಗೂಢಲಿಪಿಯಲ್ಲಿರುತ್ತದೆ. ಪ್ಲೇ ಒತ್ತಿದೊಡನೆ ಆಪ್ ನಮ್ಮ ಖಾತೆ, ದೇಶ, ಅವಧಿಯ ವಿವರವನ್ನು ಸರ್ವರ್‌ಗೆ ಕಳಿಸುತ್ತದೆ. ಎಲ್ಲ ಸರಿಯಿದ್ದರೆ ಲಿಪಿ ಬಿಡಿಸುವ ಕೀಲಿ ಬರುತ್ತದೆ. ಡೌನ್‌ಲೋಡ್ ಮಾಡಿಟ್ಟ ಚಿತ್ರದ ಕೀಲಿಗೂ ವಾಯಿದೆ ಉಂಟು. ಸರ್ವರ್ ನಿಂತ ದಿನ ಫೈಲಿನ ಒಂದು ಬಿಟ್ ಕೂಡ ಅಳಿದಿರುವುದಿಲ್ಲ, ಆದರೆ ಕೃತಿ ಇಲ್ಲವಾಗಿರುತ್ತದೆ.

ಪ್ರತಿಗಳು ಕೆಲವೇ ಕೈಗಳಲ್ಲಿ ಉಳಿದರೆ ಏನಾಗುತ್ತದೆಂದು ಸಿನಿಮಾ ಚರಿತ್ರೆ ಆಗಲೇ ತೋರಿಸಿದೆ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ (1934) ಒಂದು ಪ್ರಿಂಟೂ ಇಂದು ಲಭ್ಯವಿಲ್ಲ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಶೇ 70ರಷ್ಟು ಪೂರ್ತಿ ಕಳೆದುಹೋಗಿವೆ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಇದಕ್ಕೆ ಎದುರಾಗಿ ಜರ್ಮನಿಯ ‘ನೊಸ್ಫೆರಾಟು’ (1922) ನೋಡಿ. ಡ್ರಾಕುಲಾ ಕಥೆಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಅದರ ಎಲ್ಲ ಪ್ರತಿಗಳನ್ನೂ ನಾಶಮಾಡಲು ನ್ಯಾಯಾಲಯ ಆದೇಶಿಸಿತ್ತು. ಆದೇಶ ಮುಟ್ಟದ ಊರುಗಳಿಗೆ ಪ್ರತಿಗಳು ಹರಡಿದ್ದವು, ಚಿತ್ರ ಉಳಿಯಿತು.

ಹಾಗೆಂದು ಪೈರಸಿಯನ್ನು ನಾನು ಒಪ್ಪುವುದಿಲ್ಲ. ಬಿಡುಗಡೆಯಾದ ಸಂಜೆಯೇ ಟೆಲಿಗ್ರಾಮ್‌ನಲ್ಲಿ ಹರಿದಾಡುವ ಕಳ್ಳಪ್ರತಿ ಸಣ್ಣ ಬಜೆಟ್ಟಿನ ಕನ್ನಡ ನಿರ್ಮಾಪಕನ ಹೊಟ್ಟೆಗೆ ಹೊಡೆಯುತ್ತದೆ; ಅದಕ್ಕೆ ಶಿಕ್ಷೆ ಇರಲೇಬೇಕು. ಆದರೆ ನ್ಯಾಯ ಒಂದೇ ಕಡೆ ವಾಲಿದೆ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಕೊಂಡವರಿಂದ ಕೀಲಿ ಕಸಿದುಕೊಂಡವರಿಗೆ ಅದರಲ್ಲಿ ಯಾವ ಶಿಕ್ಷೆಯೂ ಇಲ್ಲ.

2020ರಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಥಿಯೇಟರಿಗೆ ಬಾರದೆ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದವು. ಇಂಥ ಚಿತ್ರಗಳ ಪ್ರತಿ ನಿರ್ಮಾಪಕರ ಹಾರ್ಡ್‌ಡಿಸ್ಕ್ ಮತ್ತು ಕಂಪನಿಯ ಸರ್ವರ್ ಬಿಟ್ಟರೆ ಇನ್ನೆಲ್ಲಿರುತ್ತದೆ? ನಮ್ಮಲ್ಲಿ ಚಲನಚಿತ್ರದ ಹಕ್ಕಿನ ಅವಧಿ 60 ವರ್ಷ. ಈಗಿನ ಕಾಯ್ದೆಯಂತೆ 2081ರ ಜನವರಿ 1ರಂದು ಆ ಎರಡೂ ಎಲ್ಲರ ಸೊತ್ತಾಗುತ್ತವೆ. ಹಾರ್ಡ್‌ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೈಕೊಡುವ ಯಂತ್ರ. ಕಾನೂನು ಜನರಿಗೆ ಒಪ್ಪಿಸುವ ಹೊತ್ತಿಗೆ ಒಪ್ಪಿಸಲು ಏನೂ ಉಳಿಯದಿರುವ ಅಪಾಯ ನಿಜವಾದದ್ದು.

ಅಚ್ಚಾದ ಪುಸ್ತಕಕ್ಕೆ ಈ ಎಚ್ಚರ ನಮಗೆ 1954ರಲ್ಲೇ ಇತ್ತು: ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಒಪ್ಪಿಸಬೇಕೆಂದು ಕಾಯ್ದೆ ಬಂತು. ಡಿಜಿಟಲ್ ಕೃತಿಗಳಿಗೂ ಅದೇ ಕಟ್ಟಳೆ ಬೇಕು. ಬೀಗವಿಲ್ಲದ ಒಂದು ಪ್ರತಿ ಬಿಡುಗಡೆಯ ವರ್ಷವೇ ಸಾರ್ವಜನಿಕ ಸಂಗ್ರಹಾಲಯ ಸೇರಬೇಕು. ಹಕ್ಕಿನ ಅವಧಿ ಮುಗಿಯುವವರೆಗೆ ಅದು ಅಲ್ಲೇ ಭದ್ರವಾಗಿರಲಿ. ಅಂಗಡಿ ಮುಚ್ಚಿದ ಮೇಲೆ ಪ್ರತಿ ಕೊಡಿ ಎಂದು ಕೇಳಿದರೆ ಉತ್ತರಿಸಲು ಆ ಕಡೆ ಯಾರೂ ಇರುವುದಿಲ್ಲ.