ಮೊಬೈಲು, ಮೆದುಳಿನ ಗಡ್ಡೆ ಮತ್ತು ನಮ್ಮ ಅಡಿಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಮೊಬೈಲಿಲ್ಲದ ಬೆಳೆಗಾರ ಬಾಂಧವರು ಈಗ ವಿರಳ. ಪೇಟೆ ಧಾರಣೆ ಕೇಳಲೂ ಅದೇ, ಪಂಪು ಚಾಲೂ ಮಾಡಲೂ ಅದೇ. ಅದರಿಂದ ಮೆದುಳಿನಲ್ಲಿ ಗಡ್ಡೆಯಾಗುವುದೆಂಬ ಅಂಜಿಕೆಯೂ ಜೊತೆಗಿದೆ.

ಅಂಜಿಕೆಗೆ ಕಾರಣವಿಲ್ಲದಿಲ್ಲ. 2010ರಲ್ಲಿ ಪ್ರಕಟವಾದ 13 ದೇಶಗಳ ಇಂಟರ್‌ಫೋನ್ ಅಧ್ಯಯನದಲ್ಲಿ ಒಟ್ಟಾರೆ ಅಪಾಯ ಕಾಣದಿದ್ದರೂ, 1640 ತಾಸು ಮೀರಿ, ಅಂದರೆ ಹತ್ತು ವರ್ಷ ದಿನಕ್ಕೆ ಸುಮಾರು ಅರ್ಧ ತಾಸು, ಮಾತಾಡಿದವರಲ್ಲಿ ಗಡ್ಡೆ ಹೆಚ್ಚಾಗಿ ಕಂಡಿತು. ಆದರೆ ಅದು ನೆನಪಿನ ಲೆಕ್ಕ. ಹತ್ತು ವರ್ಷದ ಹಿಂದೆ ಎಷ್ಟು ಮಾತಾಡಿದೆವೆಂದು ಯಾರು ಸರಿಯಾಗಿ ಹೇಳಿಯಾರು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಮೊಬೈಲ್ ತರಂಗಗಳನ್ನು '2ಬಿ' ಎಂಬ ಶಂಕೆಯ ಪಟ್ಟಿಗೆ ಸೇರಿಸಿತು. ಬಳಿಕ ಬ್ರಿಟನ್ನಿನ ಸುಮಾರು 7.76 ಲಕ್ಷ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ 2022ರ ವರದಿಯಲ್ಲಿ ಹೆಚ್ಚಳ ಕಾಣಲಿಲ್ಲ. 2024ರ ವಿಸ್ತೃತ ಪರಾಮರ್ಶೆಯೂ ಹಾಗೆಯೇ ಹೇಳಿತು.

ಅದೇ ಪಟ್ಟಿಯಲ್ಲಿ 1991ರಿಂದ ನಮ್ಮ ಕಾಫಿಯೂ ಇತ್ತು! 2016ರಲ್ಲಿ ಅದನ್ನು ಕೈಬಿಟ್ಟರು.

ಅಡಿಕೆಯ ಮಾತು ಬೇರೆ. ತಂಬಾಕು ಬೆರೆಸದ ಅಡಿಕೆಯನ್ನೂ ಅದೇ ಸಂಸ್ಥೆ 2004ರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ಮೊದಲನೆಯ ವರ್ಗದಲ್ಲಿಟ್ಟಿತು. ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಹಿತವಲ್ಲ, ಮುಚ್ಚಿಡುವುದು ಅದಕ್ಕಿಂತ ಕೆಟ್ಟದ್ದು.

ಸಿಗ್ನಲ್ ಕಡಿಮೆ ಇರುವಲ್ಲಿ ಫೋನು ಹೆಚ್ಚು ಶಕ್ತಿ ಹೊರಸೂಸುತ್ತದೆ. ಶಂಕೆಯುಳ್ಳವರು ತೋಟದಲ್ಲಿ ಸ್ಪೀಕರ್ ಹಾಕಿಕೊಂಡು ಮಾತಾಡಲಿ. ಅಡಿಕೆ ಅಗಿಯುವವರು ಮಾತ್ರ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ ಅಥವಾ ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.