ವಾಪಿಯ ಚಲಾದಿಂದ ಲಂಡನ್ ಮ್ಯೂಸಿಯಂವರೆಗೆ: ವಿದ್ಯಾರ್ಥಿ ದೆಸೆಯ ವಿಡಿಯೋ ಗೇಮ್ ಸ್ಟುಡಿಯೋ ಆದ ಬಗೆ

ಸೂರತ್: ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಮುಂಬಯಿಗೆ ಹೋಗಿ ಬರುವ ತುಳು-ಕನ್ನಡಿಗರಿಗೆ ವಾಪಿ ಎಂದರೆ ಕೆಮಿಕಲ್ ಮತ್ತು ಕಾಗದ ಕಾರ್ಖಾನೆಗಳ ಊರು. ಅದಕ್ಕೆ ಅಂಟಿಕೊಂಡಿರುವ ಚಲಾದಲ್ಲಿ 'ಸ್ಟುಡಿಯೋ ಓಲಿಯೊಮಿಂಗಸ್' ಎಂಬ ಪುಟ್ಟ ವಿಡಿಯೋ ಗೇಮ್ ಸಂಸ್ಥೆಯೊಂದು ಬೆಳೆದ ಸಂಗತಿ ಕನ್ನಡ ಸಂಘಗಳ ಎಷ್ಟೋ ಸದಸ್ಯರಿಗೆ ಹೊಸದಾಗಿರಬಹುದು.

ವಿದ್ಯಾರ್ಥಿ ದೆಸೆಯ ಪ್ರಾಜೆಕ್ಟಾಗಿ ಹುಟ್ಟಿದ ಕೆಲಸವೇ ಈ ಸಂಸ್ಥೆಯ ಬೇರು. ಧ್ರುವ್ ಜಾನಿ ಅವರು ಆರಂಭಿಸಿದ ಈ ಕೆಲಸಕ್ಕೆ ಮುಂದೆ ಪ್ರೋಗ್ರಾಮಿಂಗ್ ಬಲ್ಲ ಸುಶಾಂತ್ ಚಕ್ರವರ್ತಿ ಜೊತೆಯಾದರು. 'ಸಮ್‌ವೇರ್' ಎಂಬ ದೊಡ್ಡ ಆಟವೊಂದನ್ನು ಕಟ್ಟುವುದು ಮೊದಲ ಕನಸಾಗಿತ್ತು. ಬೆರಳೆಣಿಕೆಯ ಜನ ಸೇರಿ ಅಷ್ಟು ದೊಡ್ಡದನ್ನು ಮುಗಿಸುವುದು ಸುಲಭವೇ? ಕೊನೆಗೆ ಅದೇ ಕಥಾಲೋಕದ ತುಣುಕುಗಳು ಒಂದೊಂದಾಗಿ ಸಣ್ಣ ಆಟಗಳಾಗಿ ಹೊರಬಂದವು. ಸ್ಟುಡಿಯೋ ಉಳಿದದ್ದೂ ಈ ಜಾಣತನದಿಂದಲೇ ಎನ್ನಬೇಕು.

ಇವುಗಳಲ್ಲಿ ಬಂದೂಕಿಲ್ಲ, ಅಂಕಗಳ ಓಟವಿಲ್ಲ. ಮೀರ್ ಉಮರ್‌ಹಸನ್ ಎಂಬ ಲೇಖಕನ ಕತೆಗಳ ಅನುವಾದ ಎಂಬಂತೆ ಆಟಗಳು ತೆರೆದುಕೊಳ್ಳುತ್ತವೆ. ಅಂಥ ಲೇಖಕನೇ ಇಲ್ಲ, ಆತ ಸ್ಟುಡಿಯೋದ ಸೃಷ್ಟಿ! 2018ರ 'ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್'ನಲ್ಲಿ ಆಡುವವರು ವಿಚಿತ್ರ ವಸ್ತುಗಳಿರುವ ಕೋಣೆಗಳಲ್ಲಿ ಅಡ್ಡಾಡುತ್ತ ಪುಟ ಪುಟವಾಗಿ ಕತೆ ಓದುತ್ತಾರೆ. 2020ರ 'ದಿ ಇಂಡಿಫರೆಂಟ್ ವಂಡರ್ ಆಫ್ ಆನ್ ಎಡಿಬಲ್ ಪ್ಲೇಸ್'ನ ನಾಯಕನದು ಮುನಿಸಿಪಾಲಿಟಿಗಾಗಿ ಕಟ್ಟಡಗಳನ್ನು ತಿಂದು ಹಾಕುವ ನೌಕರಿ. ಕಟ್ಟಡದ ಜೊತೆ ಊರಿನ ಹಳೆಯ ನೆನಪೂ ಅಳಿಯುತ್ತದೆ. ನಗೆ ತರಿಸುವ ಕಲ್ಪನೆಯಾದರೂ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಮನೆಯಲ್ಲೊಂದು, ಶಾಲೆಯಲ್ಲೊಂದು, ಬೀದಿಯಲ್ಲಿ ಮತ್ತೊಂದು ಭಾಷೆಯಾಡುತ್ತ ಬೆಳೆಯುವ ಹೊರನಾಡ ಕನ್ನಡಿಗರ ಮಕ್ಕಳಿಗೆ ಈ ಅನುವಾದದ ಕಣ್ಣಾಮುಚ್ಚಾಲೆ ಬೇಗ ಹಿಡಿಸೀತು.

2019ರಲ್ಲಿ ಬಂದ 'ಇನ್ ದ ಪಾಸ್ ಬಿಟ್ವೀನ್ ದ ರಿಂಗಿಂಗ್' ಟೆಲಿಫೋನು ಮತ್ತು ಗಡಿಯ ಸುತ್ತ ಹೆಣೆದ ಆಟ. ಇದನ್ನು ಮಾಡಿಸಿಕೊಂಡದ್ದು ಲಂಡನ್ನಿನ ಪ್ರತಿಷ್ಠಿತ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಬರೋಡ ನಗರವನ್ನೇ ವಸ್ತುವಾಗಿಸಿಕೊಂಡು ಗುಲಾಂ ಮೊಹಮ್ಮದ್ ಶೇಖ್ ಅವರು 1981-84ರಲ್ಲಿ ರಚಿಸಿದ 'ಸಿಟಿ ಫಾರ್ ಸೇಲ್' ಚಿತ್ರ ಇರುವುದೂ ಇದೇ ಮ್ಯೂಸಿಯಂನಲ್ಲಿ ಎಂಬುದನ್ನು ವಡೋದರಾದವರು ಹೆಮ್ಮೆಯಿಂದ ನೆನೆಯಬಹುದು.

ಹೊರದೇಶಗಳಲ್ಲಿ ಈ ದಾರಿ ಹೊಸದಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ 'ಕ್ಲೌಡ್' ಎಂಬ ಆಟ ಮಾಡಿದ ವಿದ್ಯಾರ್ಥಿಗಳಲ್ಲಿ ಜೆನೋವಾ ಚೆನ್ ಮತ್ತು ಕೆಲೀ ಸ್ಯಾಂಟಿಯಾಗೊ ಮರುವರ್ಷವೇ 'ದಟ್‌ಗೇಮ್‌ಕಂಪನಿ' ಸ್ಥಾಪಿಸಿದರು. ಅವರ ಬೆನ್ನಿಗೆ ಸೋನಿಯಂಥ ದೊಡ್ಡ ಕಂಪೆನಿಯಿತ್ತು. ಚಲಾದವರ ಕೆಲವು ಆಟಗಳಾದರೋ ಉಚಿತ.

ಮಗ ಅಥವಾ ಮಗಳು ಗೇಮ್ ಮಾಡುತ್ತೇನೆಂದರೆ ತಂದೆ-ತಾಯಿಗೆ ಹೊಟ್ಟೆಪಾಡಿನ ಚಿಂತೆ ಸಹಜ. ವ್ಯಾಪಾರ, ಹೋಟೆಲು, ನೌಕರಿಯಲ್ಲಿ ಬೆವರು ಸುರಿಸಿ ನೆಲೆ ಕಂಡವರಿಗಂತೂ ಇನ್ನೂ ಹೆಚ್ಚು. ಓದುವ ದಾರಿಯಂತೂ ಈಗ ಇದೆ. ಅಹಮದಾಬಾದಿನ ಪಾಲ್ಡಿಯಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ವಿಷಯವಾಗಿದೆ. ಅದನ್ನು ಕಲಿಸುವುದು ಮಾತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ. ಗುಜರಾತಿನಲ್ಲಿ ಬೆಳೆದ ಕನ್ನಡದ ಮಕ್ಕಳು ಇದಕ್ಕಾಗಿ ಅಜ್ಜನೂರಿನ ಕಡೆಗೇ ರೈಲು ಹತ್ತಬೇಕಾದೀತು.